ರೆಕಾರ್ಡ್ ಬುಕ್ಕಿನ ನೂರು ಡಿಗ್ರಿ

ಪರೀಕ್ಷೆ ಹತ್ತಿರ ಬಂತೆಂದರೆ ಆರು, ಏಳು, ಎಂಟನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ವಿಜ್ಞಾನ ರಾಗವಾಗಿ ಕೇಳತೊಡಗುತ್ತದೆ. ‘ವಸ್ತುವು ಆಕ್ರಮಿಸುವ ಸ್ಥಳವೇ ಅದರ ಗಾತ್ರ.’ ‘ನೀರಿನ ಕುದಿಬಿಂದು 100 ಡಿಗ್ರಿ ಸೆಲ್ಸಿಯಸ್.’ ಕಣ್ಣು ಮುಚ್ಚಿ, ಮೈ ತೂಗುತ್ತಾ ಹೇಳಿದರೆ ಪುನರಾವರ್ತನೆ ಮುಗಿಯಿತು. ಆದರೆ ಬೆಂಗಳೂರಿನ ಬೀಕರಿನಲ್ಲಿ ನೀರು ನೂರರ ತನಕ ಕಾಯುವುದೇ ಇಲ್ಲ.

ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ; 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಲೆಕ್ಕದಲ್ಲಿ ಕುದಿಬಿಂದುವೂ ಇಳಿಯುತ್ತದೆ. ಹಾಗಾಗಿ ಮಂಗಳೂರಿನಲ್ಲಿ 100, ಬೆಂಗಳೂರಿನಲ್ಲಿ 97, ಮಡಿಕೇರಿಯಲ್ಲಿ 96ರ ಆಸುಪಾಸು. ಥರ್ಮಾಮೀಟರಿನ ಬುರುಡೆ ಬೀಕರಿನ ತಳಕ್ಕೆ ತಾಗದಂತೆ ಸ್ಟ್ಯಾಂಡಿಗೆ ಕಟ್ಟಿ ನೋಡಬೇಕು, ತಾಗಿದರೆ ಅಂಕಿ ಏರುತ್ತದೆ. ಪಾಪ, ಥರ್ಮಾಮೀಟರು ಪ್ರಾಮಾಣಿಕವಾಗಿ 97 ತೋರಿಸುತ್ತದೆ. ರೆಕಾರ್ಡ್ ಬುಕ್ಕಿನಲ್ಲಿ ಮಾತ್ರ 100 ಬೀಳುತ್ತದೆ, ಕೆಳಗೆ ಸಹಿಯೂ ಬೀಳುತ್ತದೆ. ತಿದ್ದಿಹೋದ ಆ ಮೂರು ಡಿಗ್ರಿಯಲ್ಲೇ ಒತ್ತಡದ ಪಾಠವೆಲ್ಲ ಇತ್ತು. ಕುಕ್ಕರು ವೆಯ್ಟ್ ಹೇರಿಕೊಂಡು ನೀರನ್ನು 120 ಡಿಗ್ರಿಯ ಹತ್ತಿರ ಒಯ್ದು ತೊಗರಿಬೇಳೆ ಬೇಯಿಸುವುದೂ ಅದೇ ಪಾಠ.

ಇದಕ್ಕಿಂತ ಮೋಜಿನದು ಮೇಣದಬತ್ತಿಯ ಪ್ರಯೋಗ. ತಟ್ಟೆಯಲ್ಲಿ ಒಂದು ಬೆರಳು ನೀರು, ನಡುವೆ ಉರಿಯುವ ಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಅದು ಸುಟ್ಟುಹೋಯಿತು, ಆ ಜಾಗಕ್ಕೆ ನೀರು ಬಂತು’ ಎಂಬ ವಿವರಣೆ ತಲೆಮಾರುಗಳಿಂದ ಸಲೀಸಾಗಿ ನಡೆದುಬಂದಿದೆ. ಮೊದಲ ಭಾಗ ನಿಜ, ಎರಡನೆಯದು ಸಲ್ಲದು. ಸ್ವಲ್ಪ ಬಗ್ಗಿ ನೋಡಿದರೆ ತಿಳಿಯುತ್ತದೆ: ಬತ್ತಿ ಉರಿಯುವಾಗ ನೀರು ಹೆಚ್ಚೇನೂ ಅಲುಗುವುದಿಲ್ಲ, ಆರುತ್ತಿದ್ದಂತೆ ಸರ್ರನೆ ಮೇಲೇರುತ್ತದೆ. ಆಮ್ಲಜನಕ ಖರ್ಚಾದದ್ದೇ ಕಾರಣವಾಗಿದ್ದರೆ ಉರಿಯುವಾಗಲೇ ನಿಧಾನಕ್ಕೆ ಏರಬೇಕಿತ್ತು. ಅಸಲಿಗೆ ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ, ಒಂದಷ್ಟು ಲೋಟದ ಅಂಚಿನಿಂದ ಗುಳ್ಳೆಯಾಗಿ ಹೊರಗೆ ಹೋಗಿರುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ನೀರಾವಿ ಹನಿಯಾಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಅನುಮಾನವಿದ್ದರೆ ಒಂದರ ಬದಲು ಮೂರು ಬತ್ತಿ ಇಡಬಹುದು: ಅದೇ ಲೋಟ, ಅಷ್ಟೇ ಆಮ್ಲಜನಕ, ಆದರೂ ನೀರು ಇನ್ನೂ ಮೇಲೆ. ಲೋಟದಲ್ಲಿ ಆಮ್ಲಜನಕ ಪೂರ್ತಿ ಮುಗಿಯುವುದೂ ಇಲ್ಲ; ಅದರ ಪಾಲು 21ರಿಂದ ಶೇಕಡಾ 16ರ ಸುಮಾರಿಗೆ ಇಳಿದರೆ ಸಾಕು, ಬತ್ತಿ ಕೈಚೆಲ್ಲುತ್ತದೆ.

ಅರಿಶಿನದ ಕಾಗದ ಅಷ್ಟು ಮೋಸ ಮಾಡುವುದಿಲ್ಲ. ಒಂದು ಚಮಚ ಪುಡಿಗೆ ನಾಲ್ಕು ಹನಿ ನೀರು ಹಾಕಿ, ಒತ್ತುಕಾಗದಕ್ಕೆ ಸವರಿ, ಒಣಗಿಸಿ ಪಟ್ಟಿ ಕತ್ತರಿಸಿದರೆ ಕ್ಷಾರ ಗುರುತಿಸುವ ಸೂಚಕ ಸಿದ್ಧ. ಬಟ್ಟೆಸೋಪಿನ ನೀರಿಗೆ ಅದು ಕೆಂಪಾಗುತ್ತದೆ, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಹೊಸ ಬಗೆಯ ಕೆಲವು ಸ್ನಾನದ ಸೋಪುಗಳಲ್ಲಿ ಕ್ಷಾರ ಇರುವುದೇ ಇಲ್ಲ, ಅವುಗಳಿಗೆ ಬಣ್ಣ ಕದಲದು. ಕಾಗದ ಕೆಟ್ಟಿದೆಯೆಂದು ಎಸೆಯಬಾರದು. ಕೊರತೆ ಬೇರೆಡೆ ಇದೆ: ನಿಂಬೆರಸಕ್ಕೂ ಬರಿ ನೀರಿಗೂ ಅರಿಶಿನ ಒಂದೇ ಹಳದಿ. ಆಮ್ಲ ಗುರುತಿಸಲು ದಾಸವಾಳದ ರಸವೇ ಬೇಕು, ಅದು ಆಮ್ಲಕ್ಕೆ ಕಡುಗುಲಾಬಿ, ಕ್ಷಾರಕ್ಕೆ ಹಸಿರು. ಮದುವೆಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪಾರತಿ ಎತ್ತುವ ಅತ್ತೆಯಂದಿರು ಈ ಪ್ರಯೋಗವನ್ನು ಶಾಲೆಗಿಂತ ಮುಂಚೆಯೇ ಮಾಡಿಟ್ಟಿದ್ದಾರೆ, ಅಂಕ ಕೊಟ್ಟವರಿಲ್ಲ.

ಎಣ್ಣೆ ನೀರಿನ ಮೇಲೆ ಏಕೆ ತೇಲುತ್ತದೆ? ‘ಹಗುರ ಅದಕ್ಕೆ’ ಎಂಬ ಉತ್ತರಕ್ಕೆ ಅರ್ಧ ಅಂಕ. ಒಂದು ಟಿನ್ ಎಣ್ಣೆ ಒಂದು ಚೊಂಬು ನೀರಿಗಿಂತ ಹಗುರವೇ? ಲೀಟರಿಗೆ ಲೀಟರು ತೂಗಬೇಕು. ಅಂಗಡಿಯ ಪ್ಯಾಕೆಟ್ಟಿನ ಮೇಲೆ 1 ಲೀಟರ್ ಪಕ್ಕದಲ್ಲೇ 910 ಗ್ರಾಂ ಎಂದು ಅಚ್ಚಾಗಿರುತ್ತದೆ. ನೀರು 1,000, ಹಾಲು 1,030ರ ಹತ್ತಿರ. ಸಾಂದ್ರತೆಯ ಪಾಠ ಇಷ್ಟೇ.

ಇನ್ನು ಋತುಗಳು. ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ ಎಂದು ದೊಡ್ಡವರೂ ಹೇಳಿಬಿಡುತ್ತಾರೆ. ಅತಿ ಹತ್ತಿರ ಹೋಗುವುದು ಜನವರಿ ಮೊದಲ ವಾರದಲ್ಲಿ, ನಾವು ಕಂಬಳಿ ಹೊದ್ದಿರುವಾಗ. ಕಾರಣ ಭೂಮಿಯ ಅಕ್ಷದ 23.5 ಡಿಗ್ರಿಯ ಓರೆ. ಅದನ್ನು ಗ್ಲೋಬಿಗಿಂತ ಚೆನ್ನಾಗಿ ತಾರಸಿಯ ಮೇಲೆ ಒಂದು ಮೀಟರಿನ ಕೋಲು ತೋರಿಸುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿಕೊಳ್ಳಬೇಕು. ವಾಲಿದರೆ ಲೆಕ್ಕವೆಲ್ಲ ಹಾಳು. ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲಿನ ನೆರಳು ಉತ್ತರಕ್ಕೆ 74 ಸೆಂಟಿಮೀಟರ್. ಏಪ್ರಿಲ್ 24ರ ಸುಮಾರಿಗೆ, 12 ಗಂಟೆ 17 ನಿಮಿಷದ ಹೊತ್ತಿಗೆ, ನೆರಳೇ ಇಲ್ಲ. ಜೂನ್ 21ಕ್ಕೆ 18 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ. ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಸೊನ್ನೆ, ಮೋಡ ಬಿಟ್ಟುಕೊಟ್ಟರೆ.