ಹೊಂಗೆ ಎಣ್ಣೆ ಸುರಿದರೆ ಕಾರು ಓಡುತ್ತದೆಯೇ?

‘ಗಾಣದ ಹೊಂಗೆ ಎಣ್ಣೆಯನ್ನು ನೇರವಾಗಿ ಡೀಸೆಲ್ ಕಾರಿನ ಟ್ಯಾಂಕಿಗೆ ಸುರಿಯಿರಿ, ಹೊಗೆಯೂ ಇಲ್ಲ, ಪರಿಸರಕ್ಕೆ ಹಾನಿಯೂ ಇಲ್ಲ’ ಎಂಬ ಸಂದೇಶ ಹಾಸನದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ.

ಅರ್ಧ ನಿಜ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೂ ಇದೆ.

ಆದರೆ ಹೊಂಗೆ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿ: ಕಂದು ಬಣ್ಣ, ಅಂಟಂಟು, ಒಗರು ವಾಸನೆ. ಅದು ಡೀಸೆಲ್‌ಗಿಂತ ಹಲವು ಪಟ್ಟು ಮಂದ. ಇಂದಿನ ಎಂಜಿನ್‌ಗಳಲ್ಲಿ ಇಂಧನ ಚಿಮ್ಮಿಸುವ ಕೂದಲೆಳೆಯಂಥ ರಂಧ್ರಗಳಲ್ಲಿ ಸರಿಯಾಗಿ ತುಂತುರಾಗದೆ, ಅರೆಬರೆ ಉರಿದು, ಒಳಗೆ ಮಸಿ ಕಟ್ಟುತ್ತದೆ. ಹಾಗಾಗಿಯೇ ಎಣ್ಣೆಗೆ ಮೆಥನಾಲ್ (ಒಂದು ಬಗೆಯ ಆಲ್ಕೊಹಾಲ್) ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಗ್ಲಿಸರಿನ್ ತಳಕ್ಕಿಳಿಯುತ್ತದೆ, ಮೇಲೆ ತೆಳುವಾದ ಬಯೋಡೀಸೆಲ್ ನಿಲ್ಲುತ್ತದೆ. ಆ ಮೆಥನಾಲ್ ಹೆಚ್ಚಾಗಿ ತಯಾರಾಗುವುದು ನೈಸರ್ಗಿಕ ಅನಿಲ ಇಲ್ಲವೇ ಕಲ್ಲಿದ್ದಲಿನಿಂದ! ‘ಹಾನಿಯೇ ಇಲ್ಲ’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಬಯೋಡೀಸೆಲ್‌ನಿಂದ ಕಪ್ಪು ಹೊಗೆ ಕಡಿಮೆಯಾಗುವುದೇನೋ ಹೌದು. ಆದರೆ ಗಾಳಿ ಕೆಡಿಸುವ ನೈಟ್ರೋಜನ್ ಆಕ್ಸೈಡ್ ಅನಿಲಗಳು ತುಸು ಹೆಚ್ಚಬಹುದು.

ಹೊಂಗೆಗೆ ಸಲ್ಲಬೇಕಾದ ಮೆಚ್ಚುಗೆಯೇ ಬೇರೆ. ಬದುವಿನ ಮೇಲೆ ಬೆಳೆಯುತ್ತದೆ, ರಾಗಿ ಹೊಲವನ್ನು ಕಬಳಿಸುವುದಿಲ್ಲ, ಹಿಂಡಿ ಗೊಬ್ಬರವಾಗುತ್ತದೆ. ಆದರೆ ಗಾಣದಲ್ಲಿ 1 ಲೀಟರ್ ಎಣ್ಣೆಗೆ ಸುಮಾರು 4 ಕೆ.ಜಿ. ಬೀಜ ಬೇಕು, ಕಾಯಿ ಆಯ್ದು ಸುಲಿಯುವ ಕೂಲಿಯ ಲೆಕ್ಕ ಆ ಸಂದೇಶದಲ್ಲಿಲ್ಲ. ಪೆಟ್ರೋಲ್ ಕಾರಿಗಂತೂ ಇದು ಸಲ್ಲುವುದೇ ಇಲ್ಲ, ಅದಕ್ಕೆ ಬೆರೆಸುವುದು ಎಥನಾಲ್.