ಒಂಟೆಯ ಡುಬ್ಬಕ್ಕೆ ಜಯವಾಗಲಿ

ನನ್ನ ಕೋಡ್, ಸಹೋದ್ಯೋಗಿಗಳು ಓದಿ ಪರಿಶೀಲಿಸುವ ಕೋಡ್ ರಿವ್ಯೂನಿಂದ ಮತ್ತೆ ವಾಪಸ್ ಬಂತು. ತಪ್ಪೇನು? ಒಂದು ಹೆಸರಿನಲ್ಲಿ ಯೂಸರ್ ಮತ್ತು ಐಡಿ ನಡುವೆ ಅಂಡರ್‌ಸ್ಕೋರ್ ಇದೆಯಂತೆ. ಅದನ್ನು ಕಿತ್ತು ‘ಐ’ ಕ್ಯಾಪಿಟಲ್ ಮಾಡಬೇಕಂತೆ. ಕೆಳಗೆ ಕಾಮೆಂಟುಗಳ ಮೆರವಣಿಗೆ. ಪದ ಬದಲಾದಲ್ಲಿ ಕ್ಯಾಪಿಟಲ್ ಅಕ್ಷರದ ಡುಬ್ಬ ಎಬ್ಬಿಸುವ ಕ್ಯಾಮೆಲ್ ಕೇಸ್‌ನವರು ಒಂದು ಕಡೆ, ಅಲ್ಲಿ ಅಂಡರ್‌ಸ್ಕೋರ್ ಎಳೆಯುವ ಸ್ನೇಕ್ ಕೇಸ್‌ನವರು ಇನ್ನೊಂದು ಕಡೆ. ಇಷ್ಟು ಶ್ರದ್ಧೆಯಿಂದ ಯಾರಾದರೂ ಆ ಕೋಡನ್ನು ಓದಿದ್ದರೆ!

ನಿಯಮ ಬೇಡ ಅಂತಲ್ಲ. ಪೈಥಾನ್‌ನವರು 2001ರಲ್ಲೇ ಪೆಪ್ 8 ಅನ್ನೋ ಕೋಡ್ ಶೈಲಿಯ ನಿಯಮಾವಳಿ ಬರೆದಿಟ್ಟರು. ಫಂಕ್ಷನ್ ಹೆಸರೆಲ್ಲ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್. ಬಹಳ ಸಂತೋಷ. ಈಗ ಅದೇ ಪೈಥಾನ್ ಜೊತೆಗೇ ಬರುವ ಲಾಗಿಂಗ್ ಲೈಬ್ರರಿ ತೆರೆಯಿರಿ. ಗೆಟ್‌ಲಾಗರ್, ನಡುವೆ ಕ್ಯಾಪಿಟಲ್ ಎಲ್. ಯೂನಿಟ್‌ಟೆಸ್ಟ್ ತೆರೆದರೆ ಅಸರ್ಟ್‌ಈಕ್ವಲ್. ಎರಡೂ ಜಾವಾ ಭಾಷೆಯ ಕಡೆಯಿಂದ ಬಂದ ವಿನ್ಯಾಸ, ಡುಬ್ಬದ ಸಮೇತ ಬಂದಿದೆ. ಬ್ರೌಸರ್‌ನ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಇನ್ನೂ ಮಹಾನುಭಾವ. ಎಕ್ಸ್‌ಎಂಎಲ್‌ಗೆ ಮೂರೂ ಅಕ್ಷರ ಕ್ಯಾಪಿಟಲ್, ಎಚ್‌ಟಿಟಿಪಿಗೆ ಮೊದಲನೆಯದು ಮಾತ್ರ. ಪಾಪ, ಅದೇನು ತಪ್ಪು ಮಾಡಿತ್ತೋ.

ಆದರೆ ನನ್ನ ಮೆಚ್ಚಿನದು ಪಿಎಚ್‌ಪಿ ಭಾಷೆಯ ಫಂಕ್ಷನ್ ಹೆಸರುಗಳು. ಸ್ಟ್ರ್‌ಪಾಸ್‌ಗೆ ಅಂಡರ್‌ಸ್ಕೋರ್ ಇಲ್ಲ, ಸ್ಟ್ರ್ ರಿಪ್ಲೇಸ್‌ಗೆ ಇದೆ. ಯಾಕೆ ಅಂತ ಕೇಳಬೇಡಿ. ಆರಂಭದ ದಿನಗಳ ಕೆಲವು ಹೆಸರುಗಳ ಹಿಂದಿನ ಕಾರಣವನ್ನು ಅದರ ಜನಕ ರಾಸ್ಮಸ್ ಲೆರ್ಡಾರ್ಫ್ ಅವರೇ ಹೇಳಿದ್ದಾರೆ. ಆಗ ಫಂಕ್ಷನ್‌ಗಳು ನೂರೂ ಇರಲಿಲ್ಲ. ಅವನ್ನು ಬೇಗ ಹುಡುಕಲು ಬಕೆಟ್ ಅನ್ನೋ ಗುಂಪುಗಳಲ್ಲಿ ಹಂಚಿಡುತ್ತಿದ್ದರು. ಯಾವುದು ಯಾವ ಬಕೆಟ್‌ಗೆ ಅಂತ ಹೇಳುವ ಹ್ಯಾಶ್ ಅಂದರೆ ಹೆಸರಿನ ಉದ್ದ, ಅಷ್ಟೇ. ಎಲ್ಲ ಹೆಸರೂ ಒಂದೇ ಉದ್ದವಾದರೆ ಒಂದೇ ಬಕೆಟ್‌ನಲ್ಲಿ ನೂಕುನುಗ್ಗಲು. ಹಾಗಾಗಿ ಬೇರೆ ಬೇರೆ ಉದ್ದ ಬರಲಿ ಅಂತ ನೋಡಿ ನೋಡಿ ಹೆಸರಿಟ್ಟರು. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಅಷ್ಟುದ್ದ ಬೆಳೆದದ್ದು ಹೀಗೆ. ನಗಬೇಡಿ. ಹೆಸರಿಗೆ ಕಾರಣ ಅಂತ ಒಂದಾದರೂ ಇತ್ತಲ್ಲ!

ಗೋ ಭಾಷೆಯಲ್ಲಂತೂ ಕ್ಯಾಪಿಟಲ್ ಅಕ್ಷರವೇ ಕಾನೂನು. ಮೊದಲಕ್ಷರ ಕ್ಯಾಪಿಟಲ್ ಇದ್ದರೆ ಮಾತ್ರ ಆ ಹೆಸರು ಪ್ಯಾಕೇಜಿನ ಹೊರಗೆ ಕಾಣುತ್ತದೆ. ಕ್ಯಾಪಿಟಲ್ಲೇ ಇಲ್ಲದ ಲಿಪಿಯವರು ಒಳಗೇ ಇರಿ. ಕನ್ನಡದ ಗುಣಿತಾಕ್ಷರ ಹಾಕಿದರೆ ಒಳಗೂ ಜಾಗವಿಲ್ಲ, ಆ ಹೆಸರನ್ನೇ ಗೋ ಒಪ್ಪುವುದಿಲ್ಲ.

ಈ ತಮಾಷೆ ನನಗೂ ಸಾಕಾಗಿದೆ. ಅಂಡರ್‌ಸ್ಕೋರ್ ಹುಡುಕುವುದು ಕೋಡಿನ ಶೈಲಿಯನ್ನು ತಾನಾಗಿಯೇ ತಪಾಸಣೆ ಮಾಡುವ ಲಿಂಟರ್ ಅನ್ನೋ ಪ್ರೋಗ್ರಾಮಿನ ಕೆಲಸ. ಮನುಷ್ಯರು ಅದಕ್ಕೆ ಮಧ್ಯಾಹ್ನಗಟ್ಟಲೆ ಸುಮ್ನೆ ಕಿತ್ತಾಡುತ್ತಾರೆ. ಪಕ್ಕದ ಸಾಲಿನಲ್ಲಿ ಡೇಟಾ2 ಇರುತ್ತದೆ, ಟೆಂಪ್ ಇರುತ್ತದೆ, ಫ್ಲ್ಯಾಗ್ ಇರುತ್ತದೆ. ಯಾವುದರ ಫ್ಲ್ಯಾಗ್? ಯಾರೂ ಕೇಳುವುದಿಲ್ಲ. ಅಂಡರ್‌ಸ್ಕೋರ್ ಇಲ್ಲ ತಾನೇ, ಮುಂದಕ್ಕೆ ಹೋಗಲಿ. ಹೀಗೇ ಒಮ್ಮೆ ಗೆಟ್‌ಯೂಸರ್ ಅನ್ನೋ ಫಂಕ್ಷನ್ ಎಲ್ಲರ ಒಪ್ಪಿಗೆ ಪಡೆದು ಹೋಯಿತು. ಬಳಕೆದಾರರ ವಿವರ ತಂದುಕೊಡಬೇಕಾದ ಅದು, ಹಳೆಯ ಖಾತೆ ಕಂಡರೆ ಡೇಟಾಬೇಸ್‌ನಿಂದ ಅಳಿಸಿಯೂ ಬಿಡುತ್ತಿತ್ತು. ಖಾತೆಗಳು ಎಲ್ಲಿ ಮಾಯವಾಗುತ್ತಿವೆ ಅಂತ ರಾತ್ರಿಯೆಲ್ಲ ಕೂತು ಹುಡುಕಿದೆವು. ಆ ಹೆಸರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ‘ಯು’ ಕ್ಯಾಪಿಟಲ್ ಇತ್ತಲ್ಲ.