ಏನ್ ಸ್ಪೆಷಲ್?

ಬಸವನಗುಡಿಯ ಒಂದು ದರ್ಶಿನಿ. ಬೋರ್ಡಿನಲ್ಲಿ ಸಾದಾ ದೋಸೆ, ಮಸಾಲೆ ದೋಸೆ, ಅದರ ಕೆಳಗೆ ಸ್ಪೆಷಲ್ ಮಸಾಲೆ ದೋಸೆ. ಕೊನೆಯ ಎರಡಕ್ಕೂ 20 ರೂಪಾಯಿ ವ್ಯತ್ಯಾಸ. "ಸ್ಪೆಷಲ್‌ನಲ್ಲಿ ಏನು ಜಾಸ್ತಿ?" ಎಂದು ಗಲ್ಲಾದವರನ್ನು ಕೇಳಿದೆ. "ಬಂದಾಗ ನೋಡಿ ಸಾರ್, ಗೊತ್ತಾಗುತ್ತೆ" ಎಂದು ಟೋಕನ್ ಕೈಗಿಟ್ಟರು.

ತಮಾಷೆ ಏನೆಂದರೆ, ಅವರು ಹೇಳಿದ್ದು ಸ್ಪೆಷಲ್ ಪದದ ಅಪ್ಪಟ ಲ್ಯಾಟಿನ್ ಅರ್ಥವನ್ನೇ. ಹಳೇ ರೋಮನ್ನರ ಆ ಭಾಷೆಯಲ್ಲಿ 'ಸ್ಪೆಕೆರೆ' ಅಂದರೆ ನೋಡುವುದು. ಕಣ್ಣಿಗೆ ಕಾಣುವ ರೂಪ 'ಸ್ಪೆಕಿಯೇಸ್'. ರೂಪ ಬೇರೆಯಾದರೆ ಬಗೆಯೂ ಬೇರೆ ಅಲ್ವಾ? ಹಾಗೆ ಅದಕ್ಕೆ ಬಗೆ, ಜಾತಿ ಎಂಬ ಅರ್ಥವೂ ಬಂತು. 'ಸ್ಪೆಕಿಯಾಲಿಸ್' ಅಂದರೆ ಒಂದು ಬಗೆಗೆ ಸೇರಿದ್ದು, ಅಷ್ಟೇ. ಹೆಚ್ಚಿನದು ಅಂತೇನೂ ಇಲ್ಲ, ಬೆಣ್ಣೆಯ ಮಾತಂತೂ ಇಲ್ಲವೇ ಇಲ್ಲ. ಇಟಲಿಯವರು ಅದನ್ನು ಸ್ಪೆಚಾಲೆ ಮಾಡಿಕೊಂಡರು, ಜರ್ಮನರು ಶ್ಪೆಟ್ಸಿಯೆಲ್. ನಾವು ಬಿಡ್ತೀವಾ? ಸ್ಪೆಷಲ್ ಕ್ಲಾಸು, ಸ್ಪೆಷಲ್ ಬಸ್ಸು, ದೇವಸ್ಥಾನದಲ್ಲಿ ಸ್ಪೆಷಲ್ ದರ್ಶನ. ಅಡುಗೆಮನೆ ಕಡೆ ಇಣುಕಿ "ಇವತ್ತು ಏನ್ ಸ್ಪೆಷಲ್?" ಅಂದರೆ ಅದು ವಿಶೇಷಣವೂ ಅಲ್ಲ, ನೇರವಾಗಿ ತಿಂಡಿಯ ಹೆಸರು.

ಸಂಸ್ಕೃತದ 'ಸ್ಪಷ್ಟ'ವೂ ಇದೇ ಮನೆತನದ್ದು. ಅಲ್ಲಿ 'ಸ್ಪಶ್' ಅಂದರೂ ನೋಡುವುದೇ. ಬೋರ್ಡಿನಲ್ಲಿ ಮಾತ್ರ ಸ್ಪೆಷಲ್ ಸ್ಪಷ್ಟವಾಗಿರಲಿಲ್ಲ.

ದೋಸೆಗೆ ಇನ್ನೂ ಹತ್ತಿರದ ನಂಟೊಂದಿದೆ. ಆಮೇಲಾಮೇಲೆ ರೋಮನ್ನರು ಬಗೆಬಗೆಯ ಸರಕಿಗೂ ಸ್ಪೆಕಿಯೇಸ್ ಎಂದೇ ಅಂದರು. ಸುಂಕ ಕಟ್ಟಬೇಕಾದ ಸ್ಪೆಕಿಯೇಸ್‌ಗಳ ಪಟ್ಟಿಯೊಂದು ಅವರ ಕಾನೂನಿನ ಪುಸ್ತಕದಲ್ಲಿದೆ. ಹಿಪ್ಪಲಿ, ಬಿಳಿ ಮೆಣಸು, ಶುಂಠಿ, ಏಲಕ್ಕಿ. (ಸಿಂಹ, ಚಿರತೆಗಳೂ ಇವೆ, ಅದು ಬೇರೆ ಮಾತು.) ಅದೇ ಪದ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬರುವಾಗ 'ಸ್ಪೈಸ್' ಆಗಿತ್ತು. ಇಟಲಿಯಲ್ಲಿ ಹಿಂದೆ ಔಷಧಿ, ಮಸಾಲೆ ಎರಡನ್ನೂ ಮಾರುವವನಿಗೆ 'ಸ್ಪೆತ್ಸಿಯಾಲೆ' ಎಂದೇ ಹೆಸರು. ನಮ್ಮ ಗ್ರಂಥಿಗೆ ಅಂಗಡಿಯವರ ಹಾಗೆ. ಸ್ಪೆಷಲ್, ಸ್ಪೈಸ್ ಎರಡೂ ಅಕ್ಕತಂಗಿಯರು ಅಂದ ಮೇಲೆ ಸ್ಪೆಷಲ್ ಮಸಾಲೆ ಅಂದರೆ ಮಸಾಲೆ ಮಸಾಲೆ ಅಂದ ಹಾಗೇ!

ಅಷ್ಟರಲ್ಲಿ ನನ್ನ ನಂಬರ್ ಕೂಗಿದರು. ತಟ್ಟೆ ಹಿಡಿದು ಲ್ಯಾಟಿನ್ ಪ್ರಕಾರವೇ ನೋಡಿದೆ. ಮೇಲೊಂದು ಬೆಣ್ಣೆ ಉಂಡೆ, ಪಲ್ಯದಲ್ಲಿ ಎರಡು ಗೋಡಂಬಿ ಚೂರು. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವರದು ಬರೀ ಮಸಾಲೆ ದೋಸೆ. ಅದರ ಮೇಲೂ ಬೆಣ್ಣೆ ಇತ್ತು. ನನ್ನದಕ್ಕಿಂತ ಚೂರು ಜಾಸ್ತೀನೇ.